ಐದು ನಕ್ಷತ್ರ, ಒಂದು ಕೊಟ್ಟಿಗೆ

ಮೊನ್ನೆ ನಮ್ಮ ಹಳೆಯ ಟ್ರಸ್ಟಿಗೆ ಹೊಸದಾಗಿ ಸೇರಿದ ಇಬ್ಬರು ನರ್ಸ್ ಹುಡುಗಿಯರು ಮನೆಗೆ ಬಂದು, "ಮೇಡಂ, ನಮಗೂ ಒಂದಷ್ಟು ಟಿಪ್ಸ್ ಕೊಡಿ" ಎಂದರು. ಸಾಯುವವರ ಮನೆಗೆ ಹೋಗಿ ಬರುವ ಕೆಲಸಕ್ಕೆ ಟಿಪ್ಸ್ ಏನು ಕೊಡಲಿ? ಉಪ್ಪಿಟ್ಟು ಕೊಟ್ಟೆ. ತಿಂದು ತಟ್ಟೆ ತೊಳೆದಿಟ್ಟರೂ ಇಬ್ಬರೂ ಏಳುವ ಲಕ್ಷಣ ಕಾಣಲಿಲ್ಲ. ಹಾಗಾಗಿ ಅವತ್ತು ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು ಅನ್ನುವುದೆಲ್ಲ ಇದರಲ್ಲಿಲ್ಲ. ಸಿಕ್ಕಿದ್ದೂ ಅಷ್ಟಕ್ಕಷ್ಟೇ.

ನಾನು ಗಿರಿಜಾ. ತೊಂಬತ್ತರ ದಶಕ ಶುರುವಾದಾಗ ಜಯನಗರದ ಒಂದು ಸಣ್ಣ ಟ್ರಸ್ಟಿಗೆ ಸೇರಿದೆ. ಆಸ್ಪತ್ರೆಯವರು "ಇನ್ನು ಮನೆಗೆ ಕರ್ಕೊಂಡು ಹೋಗಿ" ಎಂದು ಕೈಚೆಲ್ಲಿದ ರೋಗಿಗಳ ಮನೆಗೆ ಹೋಗಿ ಗಾಯ ತೊಳೆಯುವುದು, ನೋವು ಇಳಿಸುವುದು, ಮನೆಯವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರುವುದು ನಮ್ಮ ಕೆಲಸ. ನನಗೆ ಒಂದು ಲೂನಾ, ಒಂದು ಔಷಧದ ಪೆಟ್ಟಿಗೆ, ಒಂದು ಡೈರಿ ಕೊಟ್ಟಿದ್ದರು. ಡೈರಿಯ ತುಂಬಾ ಪಿಪಿ ನಂಬರುಗಳು, ಅಂದರೆ ರೋಗಿಯ ಪಕ್ಕದ ಮನೆಯವರ ಫೋನುಗಳು. ಫೋನು ಮಾಡಿದರೆ ಪಕ್ಕದ ಮನೆಯವರು ಮೊದಲು ಪೂರ್ತಿ ವಿಷಯ ತಾವು ಕೇಳಿಕೊಂಡು, ಆಮೇಲೆ "ಇರಿ, ಕರೀತೀನಿ" ಅನ್ನುವರು. ಮೊಬೈಲ್ ಬರುವ ತನಕ ನಮ್ಮ ರೋಗಿಗಳ ಕಾಯಿಲೆಯಲ್ಲಿ ಗುಟ್ಟು ಅನ್ನುವುದೇ ಇರಲಿಲ್ಲ.

ಮೊದಲ ವರ್ಷ ಬಿಳಿ ಸೀರೆ ಉಟ್ಟು ಹೋಗುತ್ತಿದ್ದೆ. ಕತ್ರಿಗುಪ್ಪೆಯಲ್ಲಿ ಒಂದು ಬಾಡಿಗೆ ಮನೆಗೆ ವಾರಕ್ಕೆ ಎರಡು ಸಲ ಹೋಗಬೇಕಿತ್ತು. ಮೂರನೇ ವಾರ ಓನರಮ್ಮ ಗೇಟಿನಲ್ಲೇ ಅಡ್ಡ ನಿಂತರು. "ನಿಜ ಹೇಳಿ ಸಿಸ್ಟರ್, ನಿಮ್ಮನ್ನ ನೋಡಿದ್ರೆ ನನ್ ಎದೆ ಧಸಕ್ ಅನ್ನತ್ತೆ. ಆ ಅಂಕಲ್‌ಗೆ ಇನ್ನೆಷ್ಟು ದಿನ?" ಎಂದರು. ನನಗೂ ಆಗ ಚಿಕ್ಕ ವಯಸ್ಸು, ಬುದ್ಧಿ ಕಡಿಮೆ. "ಹೆಚ್ಚು ದಿನ ಇಲ್ಲಮ್ಮ" ಅಂದುಬಿಟ್ಟೆ. ಆ ಸಂಜೆಯೇ ಮನೆ ಖಾಲಿ ಮಾಡಿ ಎಂದು ಬಾಡಿಗೆಯವರಿಗೆ ಹೇಳಿದರಂತೆ. ಮಾರನೇ ದಿನದಿಂದ ಬಣ್ಣದ ಸೀರೆ ಉಟ್ಟೆ, ಔಷಧವನ್ನು ತರಕಾರಿ ಚೀಲಕ್ಕೆ ಹಾಕಿದೆ. ಕೇಳಿದವರಿಗೆಲ್ಲ ನಾನು ರೋಗಿಯ ಚಿಕ್ಕಮ್ಮನ ಮಗಳು. ಹಾಗೆ ದಕ್ಷಿಣ ಬೆಂಗಳೂರಿನ ತುಂಬಾ ನನಗೆ ದೊಡ್ಡಮ್ಮನ ಮಕ್ಕಳು ಹುಟ್ಟಿಕೊಂಡರು.

ನೋವು ಇಳಿಸುವ ಮಾರ್ಫಿನ್ ಮಾತ್ರೆ ಅಂದರೆ ಆಗ ಜನಕ್ಕೆ ಭಯ. ಜೆ.ಪಿ. ನಗರದ ಒಬ್ಬರು ತಾತ ನೋವಿನಲ್ಲಿ ಹಲ್ಲು ಕಚ್ಚಿಕೊಂಡು ಮಲಗಿದ್ದಾರೆ, ಮಗ ನನ್ನನ್ನು ಹೊರಗೆ ಕರೆದು, "ಸಿಸ್ಟರ್, ಇದು ಅಭ್ಯಾಸ ಆಗ್ಬಿಡಲ್ವಾ?" ಎಂದು ಪಿಸುಗುಟ್ಟಿದರು. ತಾತನ ಕಿವಿ ಮಾತ್ರ ಚುರುಕಾಗಿತ್ತು. ಒಳಗಿನಿಂದಲೇ, "ಆಗ್ಲಿ ಬಿಡೋ, ಯಾವಾಗ ಬಿಡ್ಬೇಕು ಅಂತ ನಾನು ನೋಡ್ಕೋತೀನಿ" ಎಂದರು. ಆ ರಾತ್ರಿ ಅವರು ಎಷ್ಟೋ ದಿನಗಳ ಮೇಲೆ ನಿದ್ದೆ ಮಾಡಿದರು.

ಇನ್ನು ನನ್ನ ದೊಡ್ಡ ತಪ್ಪಿನ ವಿಷಯ. ಅದಕ್ಕೆ ಮೊದಲು ಧನಿಷ್ಠಾ ಪಂಚಕ ಅಂದರೇನು ಎಂದು ಹೇಳಬೇಕು, ಈಗಿನ ಹುಡುಗಿಯರಿಗೆ ಕೋರ್ಸಿನಲ್ಲಿ ಇದನ್ನು ಕಲಿಸುವುದಿಲ್ಲ. ತಿಂಗಳಿಗೊಮ್ಮೆ ಸಾಲಾಗಿ ಐದು ನಕ್ಷತ್ರ ಬರುತ್ತವೆ. ಆ ಐದು ದಿನದಲ್ಲಿ ಮನೆಯೊಳಗೆ ಸಾವಾದರೆ ಆ ಮನೆಗೆ ತಿಂಗಳುಗಟ್ಟಲೆ ಬೀಗ ಹಾಕಬೇಕು, ಇಲ್ಲದಿದ್ದರೆ ಇನ್ನೊಂದು ಸಾವು ಬರುತ್ತದೆ ಎಂದು ನಂಬಿಕೆ. ನಂಬದವರೂ ಪಕ್ಕದ ಮನೆಯವರ ಬಾಯಿಗೆ ಹೆದರಿ ಬೀಗ ಹಾಕುತ್ತಾರೆ. ನಾನು ಹೋದ ಎಷ್ಟೋ ಮನೆಗಳಲ್ಲಿ ರೋಗಿಯ ಜ್ವರದ ಪಟ್ಟಿಗಿಂತ ಗೋಡೆಯ ಕ್ಯಾಲೆಂಡರನ್ನೇ ಜನ ಹೆಚ್ಚು ನೋಡುತ್ತಿದ್ದರು.

ಬನಶಂಕರಿ ಎರಡನೇ ಹಂತದಲ್ಲಿ ಒಬ್ಬರು ನಿವೃತ್ತ ಹೆಡ್‌ಮಾಸ್ತರು. ಊಟ, ನೀರು ಎರಡೂ ಬಿಟ್ಟಿದ್ದರು. ಮುಖದಲ್ಲಿ ನೋವಿರಲಿಲ್ಲ. ಮಗ ಕ್ಯಾಲೆಂಡರ್ ತೋರಿಸಿ, "ಪಂಚಕ ಮುಗಿಯೋಕೆ ಮೂರೇ ದಿನ ಸಿಸ್ಟರ್. ಹೆಂಗಾದ್ರೂ ತಳ್ಳಿ. ಒಂದ್ ಡ್ರಿಪ್ ಹಾಕಿ" ಎಂದು ಕೈ ಹಿಡಿದುಕೊಂಡರು. ಪಾಪ ಅನ್ನಿಸಿತು, ಹಾಕಿದೆ. ಸೂಜಿ ಚುಚ್ಚುವಾಗ ಮಾಸ್ತರು ಕೈ ಎಳೆದುಕೊಂಡರು. "ಸುಮ್ನಿರಿ ತಾತ, ಶಕ್ತಿ ಬರತ್ತೆ" ಎಂದು ಮಗುವಿಗೆ ಹೇಳಿದಂತೆ ಹೇಳಿದೆ. ಮಾರನೇ ದಿನ ಹೋದರೆ ಕೈಕಾಲು ಊದಿ, ಎದೆಯಲ್ಲಿ ನೀರು ತುಂಬಿ, ಒಂದೊಂದು ಉಸಿರಿಗೂ ಗೊರಗೊರ ಸದ್ದು. ದೇಹ ತಾನಾಗಿ ಮುಚ್ಚಿಕೊಳ್ಳುತ್ತಿರುವಾಗ ನಾನು ಮೇಲಿಂದ ನೀರು ಸುರಿದಿದ್ದೆ.

ನಮ್ಮ ಡಾಕ್ಟರಮ್ಮನನ್ನು ಕರೆಸಿದೆ. ಅವರು ಮಾತಿನಲ್ಲಿ ಮಹಾ ಜಿಪುಣರು. ಬಂದವರೇ ಡ್ರಿಪ್ ತೆಗೆದರು, ಎದೆ ಹಗುರಾಗಲು ಇಂಜೆಕ್ಷನ್ ಕೊಟ್ಟರು. ಮಾಸ್ತರು ಸಂಜೆಯ ಹೊತ್ತಿಗೆ ತೀರಿಕೊಂಡರು, ಪಂಚಕದಲ್ಲೇ. ಡಾಕ್ಟರಮ್ಮ ವಾಪಸು ಹೊರಡುವಾಗ ಕಾರಿನ ಬಾಗಿಲು ಹಿಡಿದು ಒಂದೇ ಮಾತು ಕೇಳಿದರು. "ಗಿರಿಜಾ, ಆ ಡ್ರಿಪ್ ಯಾರಿಗೋಸ್ಕರ ಹಾಕ್ದೆ?"

ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಆ ಪ್ರಶ್ನೆ ಮಾತ್ರ ಲೂನಾದ ಹಿಂದಿನ ಸೀಟಿನಲ್ಲಿ ಕೂತು ನನ್ನ ಜೊತೆ ವರ್ಷಾನುಗಟ್ಟಲೆ ತಿರುಗಿತು. ಆ ಪಾಠವನ್ನು ಚೆನ್ನಾಗಿ ಕಲಿತಿದ್ದೇನೆ ಎಂದು ನನಗೆ ಕೊಂಚ ಜಂಬವೂ ಬಂತು. ಆ ಜಂಬ ಇಳಿಸಿದವರು ನೀಲವ್ವ.

ನೀಲವ್ವ ಗದಗದ ಕಡೆಯವರು. ಗಂಡ ತೀರಿಕೊಂಡ ಮೇಲೆ ಮಗಳು ಸುಜಾತಾಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಬಂದಿದ್ದರು. ಜರಗನಹಳ್ಳಿಯಲ್ಲಿ ಬಾಡಿಗೆ ಮನೆ. ಬಿ.ಟಿ.ಎಂ. ಲೇಔಟಿನ ರೂಮುಗಳಲ್ಲಿದ್ದ ಅವರ ಕಡೆಯ ಹುಡುಗರಿಗೆ ಜೋಳದ ರೊಟ್ಟಿ, ಪಲ್ಯ ಮಾಡಿ ಕಳಿಸುತ್ತಿದ್ದರು. ನಾನು ನೋಡುವ ಹೊತ್ತಿಗೆ ಹೊಟ್ಟೆಯ ಕ್ಯಾನ್ಸರ್ ಲಿವರಿಗೆ ಹಬ್ಬಿತ್ತು. ವಯಸ್ಸು ಐವತ್ತೂ ಆಗಿರಲಿಲ್ಲ. ಸುಜಾತಾಳಿಗೆ ಇಪ್ಪತ್ತೊಂದು, ಬಿ.ಟಿ.ಎಂ.ನ ಒಂದು ಆಫೀಸಿನಲ್ಲಿ ಕೆಲಸ.

ಮನೆಯ ಓನರು ಮುನಿಯಪ್ಪನವರು, ಹೆಂಡತಿ ಜಯಮ್ಮ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದವರು. ಹೊಲ ಲೇಔಟಾಯಿತು, ದನ ಹೋದವು, ಮುಂದೆ ತಮ್ಮ ಮನೆ, ಹಿಂದೆ ಬಾಡಿಗೆಗೆ ಮೂರು ಮನೆಗಳ ಸಾಲು, ಮೂಲೆಯಲ್ಲಿ ಖಾಲಿ ಕೊಟ್ಟಿಗೆ ಉಳಿದಿತ್ತು. ಮುನಿಯಪ್ಪನವರು ಆ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಮಾತು ಕಡಿಮೆ. ಮಾತಿನ ಖಾತೆಯನ್ನು ಜಯಮ್ಮ ನೋಡಿಕೊಳ್ಳುತ್ತಿದ್ದರು.

ಒಂದು ದಿನ ಬೆಳಿಗ್ಗೆ ಹೋದಾಗ ಮುನಿಯಪ್ಪನವರು ಕೊಟ್ಟಿಗೆಗೆ ಸುಣ್ಣ ಹೊಡೆಯುತ್ತಿದ್ದರು. ಜಯಮ್ಮ ನನ್ನ ಹತ್ತಿರ ಬಂದು, "ಸಿಸ್ಟರ್, ಬೇಜಾರ್ ಮಾಡ್ಕೋಬೇಡಿ. ಮುಂದಿನ್ ವಾರ ಪಂಚಕ ಶುರುವಾಗತ್ತೆ. ನೀಲವ್ವನ್ನ ಇಲ್ಲಿಗೆ ತರ್ತೀವಿ. ಕೊಟ್ಟಿಗೆ ಅಂದ್ರೆ ಮನೆ ಲೆಕ್ಕ ಅಲ್ಲ, ದೋಷ ಇಲ್ಲ" ಎಂದರು.

ನನ್ನ ಪಿತ್ತ ನೆತ್ತಿಗೇರಿತು. ಸಾಲಿನ ಮೂರು ಮನೆಯವರಿಗೂ ಕೇಳುವಂತೆ ದನಿ ಎತ್ತಿದೆ. "ಮನುಷ್ಯರನ್ನ ದನದ ಜಾಗದಲ್ಲಿ ಹಾಕ್ತೀರಾ? ನಿಮ್ಮ ತಾಯಿ ಆಗಿದ್ರೆ ಹಾಕ್ತಿದ್ರಾ? ಅವ್ರು ಅವ್ರ ಮನೇಲೇ ಇರ್ತಾರೆ, ಅದು ಅವ್ರ ಹಕ್ಕು. ಅವ್ರನ್ನ ಮುಟ್ಟಿ ನೋಡೋಣ."

ಮುನಿಯಪ್ಪನವರು ಸುಣ್ಣದ ಬ್ರಷ್ ಹಿಡಿದು ನೆಲ ನೋಡುತ್ತ ನಿಂತರು. ಏನೋ ಹೇಳಲು ಬಾಯಿ ತೆರೆದ ಜಯಮ್ಮನನ್ನು ಕಣ್ಣಿನಲ್ಲೇ ತಡೆದರು. ಬ್ರಷ್ಷನ್ನು ಸುಣ್ಣದ ಬಕೆಟ್ಟಿನೊಳಗೆ ಇಟ್ಟು, "ಸರಿ ಸಿಸ್ಟರ್. ಒಳಗೇ ಇರ್ಲಿ. ಆದ್ರೆ ಪಂಚಕದಲ್ಲಿ ಹೋದ್ರೆ ಆಮೇಲೆ ನಾನು ಬೀಗ ಹಾಕ್ಲೇಬೇಕು. ಅಕ್ಕಪಕ್ಕದ ಮನೆಯೋರು ಬಿಡಲ್ಲ" ಎಂದರು. ಹಾಕಿಕೊಳ್ಳಿ ಎಂದು ಹೇಳಿ ರಾಣಿಯ ಹಾಗೆ ಲೂನಾ ಹತ್ತಿದೆ. ದಾರಿಯಲ್ಲಿ ಒಂದು ಮಸಾಲೆ ದೋಸೆಯನ್ನೂ ತಿಂದೆ. ಗೆದ್ದಿದ್ದೆನಲ್ಲ.

ಎರಡು ದಿನ ಬಿಟ್ಟು ಹೋದಾಗ ಸುಜಾತಾ ಆಫೀಸಿಗೆ ಹೋಗಿದ್ದಳು. ನೀಲವ್ವ ನನ್ನನ್ನು ಮಂಚದ ಮೇಲೆ ಹತ್ತಿರ ಕೂರಿಸಿಕೊಂಡರು.

"ಅಕ್ಕಾರ, ಓನರ್ ಜೋಡಿ ಜಗಳಾ ತಗದ್ರಂತ?"

"ಹೂಂ. ಬಿಡ್ತೀನಾ? ನಿಮ್ಮನ್ನ ಯಾರೂ ಅಲುಗಾಡಿಸೋ ಹಾಗಿಲ್ಲ."

"ಕೊಟ್ಟಿಗಿ ಮಾತು ಅವ್ರು ಎತ್ತಿದ್ದಲ್ರೀ. ನಾನ ಕೇಳ್ಕೊಂಡಿದ್ದು."

ಅವರು ಉಸಿರು ತೆಗೆದುಕೊಂಡು ಬಿಡಿಬಿಡಿಯಾಗಿ ಮಾತಾಡಿದರು. "ನಮ್ಮ ಮನೆತನದಾಗ ನಕ್ಷತ್ರ-ಗಿಕ್ಷತ್ರ ನೋಡೂದಿಲ್ಲ. ಇವ್ರು ನೋಡ್ತಾರ. ಮನಿ ಅವರದು, ಅಂಜಿಕಿನೂ ಅವರದು. ನಾ ಇಲ್ಲಿ ಹ್ವಾದ್ರ ಇದಕ್ಕ ಬೀಗಾ ಬೀಳ್ತೈತಿ. ನನ್ನ ಮಗಳು ಪಾತ್ರಿ ಪಗಡಿ ಹೊತ್ಕೊಂಡು ಎಲ್ಲಿ ಅಡ್ಡಾಡಬೇಕ್ರೀ? ತಾಯಿ ಇಲ್ಲದ, ಮದಿವಿ ಆಗದ ಹುಡುಗಿಗೆ ಈ ಊರಾಗ ಯಾರು ಮನಿ ಕೊಡ್ತಾರ? ನಾ ಹ್ವಾದ ಮ್ಯಾಲೂ ಆಕಿ ಇಲ್ಲೇ ಇರಬೇಕು. ಆ ಮಾತಿಗೆ ಮುನಿಯಪ್ಪಣ್ಣಾರು ಹೂಂ ಅಂದಾರ. ಮಗಳಿಗೆ ತಿಳಿಸಬಾರದು ಅಂತ ನಾನ ಆಣಿ ಹಾಕ್ಸೇನಿ. ಆಕಿಗೆ ತಿಳಿದ್ರ, ನನ್ನ ಸಲುವಾಗಿ ಅವ್ವ ಕೊಟ್ಟಿಗಿಗೆ ಹೋದ್ಲು ಅಂತ ಜೀವಾ ತಿಂದ್ಕೋತಾಳ."

ಆಮೇಲೆ ನನ್ನ ಮೊಣಕೈ ಹಿಡಿದು, ಸಿಟ್ಟಿಲ್ಲದೆ ಹೇಳಿದರು. "ಅಷ್ಟ ದೊಡ್ಡ ಜಗಳಾ ಆಡೂ ಮೊದ್ಲು ನನ್ನ ಒಂದು ಮಾತು ಕೇಳಬೇಕಿತ್ತಿಲ್ಲೋ ಅಕ್ಕಾರ?"

ನನಗೆ ನಾಚಿಕೆಯಾಯಿತು. ಆ ಡ್ರಿಪ್ಪು ಯಾರಿಗೋಸ್ಕರ ಎಂದು ಅಷ್ಟು ವರ್ಷ ಜಪ ಮಾಡಿದವಳು ಈ ಜಗಳ ಯಾರಿಗೋಸ್ಕರ ಎಂದು ಕೇಳಿಕೊಂಡಿರಲಿಲ್ಲ. ಹಕ್ಕು ಅವರದು ಎಂದು ಕೂಗಿದೆ, ಆ ಹಕ್ಕಿನಿಂದ ಅವರು ಏನು ಮಾಡಬೇಕೆಂದಿದ್ದಾರೆ ಎಂದು ಕೇಳುವ ವ್ಯವಧಾನ ನನಗಿರಲಿಲ್ಲ. ನನಗೂ ಆಣೆ ಹಾಕಿಸಿಕೊಂಡರು. ಸುಜಾತಾಳಿಗೆ ಹೇಳುವುದಿಲ್ಲ ಎಂದೆ.

ಹೋಗಿ ಮುನಿಯಪ್ಪನವರ ಮುಂದೆ ನಿಂತೆ. ತಪ್ಪಾಯಿತು ಎನ್ನುವುದು ನನ್ನ ಬಾಯಿಗೆ ಸುಲಭವಾಗಿ ಬರುವ ಪದವಲ್ಲ, ನನ್ನ ಯಜಮಾನರನ್ನು ಕೇಳಿ. ಆದರೂ ಹೇಳಿದೆ. ಅವರು, "ಬಿಡಿ ಸಿಸ್ಟರ್, ತಮ್ ಕಡೆ ಮಾತಾಡೋಕೆ ಯಾರೂ ಇಲ್ಲ ಅಂತ ನೀಲವ್ವಂಗೆ ಅನ್ನಿಸಬಾರ್ದಲ್ಲ, ನೀವ್ ಕೂಗಿದ್ದು ಒಳ್ಳೇದೇ ಆಯ್ತು" ಎಂದರು. ಜಯಮ್ಮ ಕಾಫಿ ಕೊಟ್ಟರು. ಸಕ್ಕರೆ ಹಾಕಿರಲಿಲ್ಲ. ಮರೆತಿದ್ದರೋ, ಬೇಕೆಂದೇ ಬಿಟ್ಟರೋ ಕೇಳುವ ಧೈರ್ಯ ಅವತ್ತು ನನಗಿರಲಿಲ್ಲ.

ನೀಲವ್ವ ಕೊಟ್ಟಿಗೆಯಲ್ಲಿ ಹನ್ನೊಂದು ದಿನ ಇದ್ದರು. ಓನರೇ ಹಟ ಹಿಡಿದು ಹಾಕಿಸಿದ್ದು ಎಂದು ಸುಜಾತಾ ತಿಳಿದಿದ್ದಳು. ಸುಣ್ಣ ಹೊಡೆದು, ಸೆಗಣಿ ಸಾರಿಸಿ, ಬಾಗಿಲಿಗೆ ಜಯಮ್ಮನ ಹಳೇ ಸೀರೆಯ ಪರದೆ ಕಟ್ಟಿದ್ದರು. ಒಳ್ಳೆ ಗಾಳಿ ಬರುತ್ತಿತ್ತು. ಮಂಚದಿಂದ ನೋಡಿದರೆ ಅವರದೇ ಅಡುಗೆಮನೆಯ ಬಾಗಿಲು ಕಾಣುತ್ತಿತ್ತು. ರಜೆ ಹಾಕಿದ್ದ ಸುಜಾತಾ ಅಲ್ಲಿ ರೊಟ್ಟಿ ತಟ್ಟಿದರೆ, ಇವರು ಇಲ್ಲಿಂದ ಸದ್ದು ಕೇಳಿಯೇ "ಹಿಟ್ಟು ಗಟ್ಟಿ ಆತು ನೋಡು, ಬಿಸಿನೀರು ಹಾಕು" ಅನ್ನುತ್ತಿದ್ದರು. ಬಿ.ಟಿ.ಎಂ. ಹುಡುಗರು ಬಂದು ಕಟ್ಟೆಯ ಮೇಲೆ ಸಾಲಾಗಿ ಕೂತು ಹೋಗುತ್ತಿದ್ದರು. ಮಾರ್ಫಿನ್ ಹೊತ್ತು ಹೊತ್ತಿಗೆ ಕೊಟ್ಟೆವು, ನೋವು ಹದ್ದುಬಸ್ತಿನಲ್ಲಿತ್ತು. ಡ್ರಿಪ್ ಬೇಕಾ ಎಂದು ನಾನೇ ಕೇಳಿದೆ. ಬ್ಯಾಡ್ರೀ ಅಂದರು, ಹಾಕಲಿಲ್ಲ.

ಒಂದು ಮಧ್ಯಾಹ್ನ, ಒಲೆಯ ಮುಂದೆ ಮಗಳು ರೊಟ್ಟಿ ತಟ್ಟುತ್ತಿರುವಾಗಲೇ, ನೀಲವ್ವ ಹೋದರು. ಜಯಮ್ಮ ಒಳಗೆ ಓಡಿ ಕ್ಯಾಲೆಂಡರ್ ನೋಡಿ ಬಂದರು. ಪಂಚಕ ಹಿಂದಿನ ದಿನವೇ ಮುಗಿದಿತ್ತು. ಮುನಿಯಪ್ಪನವರು ಟವಲಿನಿಂದ ಮುಖ ಮುಚ್ಚಿಕೊಂಡು, "ಒಳಗೇ ಇರ್ಬೋದಿತ್ತಲ್ಲೇ ಜಯಾ" ಎಂದು ಅತ್ತರು.

ಸುಜಾತಾ ಅದನ್ನು ಕೇಳಿಸಿಕೊಂಡಳು. ಎಲ್ಲರ ಎದುರಿಗೆ, "ನಮ್ಮವ್ವನ್ನ ದನಾ ಕಟ್ಟೂ ಜಾಗಾದಾಗ ಮಲಗಿಸಿದ್ರಿ. ಈಗ ಯಾಕ ಅಳ್ತೀರಿ?" ಎಂದಳು. ನಾನು ಅಲ್ಲೇ ಇದ್ದೆ. ನಿಜ ನಾಲಗೆಯ ತುದಿಗೆ ಬಂದಿತ್ತು. ಮುನಿಯಪ್ಪನವರು ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು. ನುಂಗಿಕೊಂಡೆ.

ಮನೆಗೆ ಬೀಗ ಬೀಳಲಿಲ್ಲ. ಸುಜಾತಾ ಅಲ್ಲೇ ಉಳಿದಳು. ರೊಟ್ಟಿಯ ಹುಡುಗರಲ್ಲೇ ಒಬ್ಬನನ್ನು ಮದುವೆಯಾದಳು, ಮಗುವಾಯಿತು. ಬಾಡಿಗೆಯನ್ನು ಜಯಮ್ಮನ ಕೈಗೆ ಕೊಡುತ್ತಿದ್ದಳಂತೆ. ಮುನಿಯಪ್ಪನವರು ಎದುರಿಗೆ ಬಂದರೆ ಮುಖ ತಿರುಗಿಸುತ್ತಿದ್ದಳಂತೆ. ಎಂಟು ವರ್ಷ.

ಅಷ್ಟರಲ್ಲಿ ನಮ್ಮ ಕೆಲಸವೂ ಬದಲಾಯಿತು. ಲೂನಾ ಹೋಗಿ ಸ್ಕೂಟಿ ಬಂತು, ಪಿಪಿ ನಂಬರು ಹೋಗಿ ಮೊಬೈಲ್ ಬಂತು. ನಾನು ಹೊಸ ರೋಗಿಯ ಮನೆಗೆ ಹೋದರೆ ಔಷಧದ ಚೀಟಿಗೂ ಮೊದಲು ಡೈರಿಯಲ್ಲಿ ಮೂರು ಸಾಲು ಬರೆದುಕೊಳ್ಳುತ್ತಿದ್ದೆ: ಎಲ್ಲಿರಬೇಕು, ಯಾರು ಪಕ್ಕದಲ್ಲಿರಬೇಕು, ಏನು ಬೇಡ. ಉತ್ತರ ರೋಗಿಯ ಬಾಯಿಂದಲೇ ಬರಬೇಕು. ಮಗ ಹೇಳಿದರೆ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದೆ. ಡಾಕ್ಟರಮ್ಮ ಒಂದು ಸಲ ಡೈರಿ ತಿರುವಿ ನೋಡಿ, "ಹೂಂ" ಎಂದರು. ಅವರ ಲೆಕ್ಕದಲ್ಲಿ ಅದು ಭಾಷಣ.

ಒಂದು ದಿನ ಜಯಮ್ಮನ ಫೋನು. ಮುನಿಯಪ್ಪನವರಿಗೆ ಶ್ವಾಸಕೋಶದ ಕ್ಯಾನ್ಸರ್, ಬೀಡಿಯ ಕೃಪೆ. ಹೋದೆ. ಮುಂದಿನ ಮನೆ ಮೂರು ಮಹಡಿಯಾಗಿತ್ತು, ಹಿಂದಿನ ಸಾಲು ಮತ್ತು ಕೊಟ್ಟಿಗೆ ಹಾಗೇ ಇದ್ದವು. ಗ್ರಾನೈಟ್ ನೆಲದ ರೂಮಿನಲ್ಲಿ ಅವರು ಗೋಡೆ ನೋಡುತ್ತ ಮಲಗಿದ್ದರು. ನಾನು ಡೈರಿ ತೆಗೆದು ಮೊದಲ ಪ್ರಶ್ನೆ ಕೇಳಿದೆ.

"ಕೊಟ್ಟಿಗೇಲಿ" ಎಂದರು. "ನೀಲವ್ವ ಅಲ್ಲಿ ಆರಾಮಾಗಿ ಹೋದ್ರು ಸಿಸ್ಟರ್. ಇಲ್ಲಿ ಉಸಿರಾಡೋಕಾಗಲ್ಲ. ನಂಗೂ ಅಲ್ಲೇ ಹಾಕ್ಸಿ."

ಮಗ ರವಿ ನನ್ನನ್ನು ಅಂಗಳಕ್ಕೆ ಕರೆದು ಕೂಗಾಡಿದ. "ಮೂರ್ ಫ್ಲೋರ್ ಕಟ್ಸಿರೋ ಮನುಷ್ಯನ್ನ ಕೊಟ್ಟಿಗೇಲಿ ಹಾಕಿದ್ರು ಅಂತ ಜನ ಉಗಿಯಲ್ವಾ ಆಂಟಿ?"

ಅದೇ ಅಂಗಳದಲ್ಲಿ ನಾನೇ ಕೂಗಿದ್ದ ಮಾತಿನ ತಮ್ಮನ ಹಾಗಿತ್ತು ಅದು. "ಉಗೀಲಿ ಬಿಡಪ್ಪ. ಮಂಚ ಹಾಕ್ತಿರೋದು ಯಾರಿಗೋಸ್ಕರ? ಅವರನ್ನೇ ಕೇಳು, ಕೂಗ್ಬೇಡ" ಎಂದೆ. ಅವನು ಒಳಗೆ ಹೋಗಿ ಅಪ್ಪನ ಹತ್ತಿರ ಬಹಳ ಹೊತ್ತು ಕೂತಿದ್ದ. ಸಂಜೆಗೆ ಮಂಚವನ್ನು ತಾನೇ ಹೊತ್ತ.

ಅವರನ್ನು ಕೊಟ್ಟಿಗೆಯಲ್ಲಿ ಮಲಗಿಸಿದ ಮೇಲೆ ಎರಡನೇ ಪ್ರಶ್ನೆ ಕೇಳಿದೆ, ಯಾರು ಪಕ್ಕದಲ್ಲಿರಬೇಕು. ಜಯಾ, ರವಿ ಎಂದರು. ಆಮೇಲೆ ಎದುರಿನ ಅಡುಗೆಮನೆ ಬಾಗಿಲ ಕಡೆ ನೋಡಿದರು. ಅಲ್ಲಿ ಸುಜಾತಾ ರೊಟ್ಟಿ ತಟ್ಟುತ್ತಿದ್ದಳು.

"ಅವಳಿಗೆ ಹೇಳ್ಲಾ?" ಎಂದೆ.

"ಮಾತ್ ಕೊಟ್ಟಿದೀನಲ್ಲ. ನಾನ್ ಹೋದ್ಮೇಲೆ ಬೇಕಾದ್ರೆ ಹೇಳಿ."

"ನೀವ್ ಹೋದ್ಮೇಲೆ ಹೇಳಿದ್ರೆ ಅವಳು ಯಾರ ಹತ್ರ ಬರ್ಬೇಕು? ಅವಳಿಗೀಗ ಇಪ್ಪತ್ತೊಂಬತ್ತು, ಒಂದು ಮಗು ಇದೆ. ತಾಯಿ ಯಾಕೆ ಹಾಗೆ ಮಾಡ್ತಾಳೆ ಅಂತ ಅರ್ಥ ಆಗತ್ತೆ. ನೀವು ಹೂಂ ಅಂದ್ರೆ ಮಾತ್ರ ಹೇಳ್ತೀನಿ."

ಅವರು ಅಡುಗೆಮನೆಯ ಕಡೆ ಕೈ ತೋರಿಸಿ, "ನೀವೇ ಹೇಳಿ. ನನ್ ಬಾಯಲ್ಲಿ ಬರಲ್ಲ" ಎಂದರು.

ಒಲೆಯ ಪಕ್ಕ ಕೂತು ಸುಜಾತಾಳಿಗೆ ಎಲ್ಲ ಹೇಳಿದೆ. ಅವಳವ್ವ ಕೇಳಿಕೊಂಡದ್ದು, ಆಣೆ ಹಾಕಿಸಿದ್ದು, ನಾನು ಕೂಗಾಡಿದ್ದು. ಹೆಂಚಿನ ಮೇಲಿನ ರೊಟ್ಟಿ ಕರಕಾಯಿತು, ಅವಳು ತೆಗೆಯಲಿಲ್ಲ. ನಾನೇ ಗ್ಯಾಸ್ ಆರಿಸಿದೆ. ಅವಳು ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಣೆ ಮುರಿದು ತಪ್ಪು ಮಾಡಿದೆನಾ ಎಂದು ಆ ರಾತ್ರಿ ನನಗೆ ಅನ್ನ ಸೇರಲಿಲ್ಲ.

ಮಾರನೇ ದಿನ ಮಧ್ಯಾಹ್ನ ನಾನು ಮುನಿಯಪ್ಪನವರ ಬಾಯಿ ಒರೆಸುತ್ತಿದ್ದೆ. ಪರದೆ ಸರಿಯಿತು. ಸುಜಾತಾ ಬಟ್ಟಲು ಹಿಡಿದು ನಿಂತಿದ್ದಳು, ಹಾಲಿನಲ್ಲಿ ನೆನೆಸಿ ಮೆತ್ತಗೆ ಮಾಡಿದ ರೊಟ್ಟಿ. ಎಂಟು ವರ್ಷ ಅವಳ ಬಾಯಲ್ಲಿ ಅವರು ಬರೀ ಓನರ್. ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ಮಂಚದ ಅಂಚಿನಲ್ಲಿ ಕೂತಳು.

"ಕಾಕಾ, ಬಾಯಿ ತಗೀರಿ" ಎಂದಳು.

ಅವರು ಒಂದು ಚಮಚದಷ್ಟು ತಿಂದರು. ಇಬ್ಬರೂ ಅಳುತ್ತಿದ್ದರು, ನಾನೂ ಅತ್ತೆ. ನರ್ಸ್ ಅಳಬಾರದು ಎಂದು ನಿಮ್ಮ ಪುಸ್ತಕದಲ್ಲಿ ಬರೆದಿದ್ದರೆ ಆ ಸಾಲು ಹೊಡೆದು ಹಾಕಿಕೊಳ್ಳಿ.

ಇನ್ನು ಆರು ದಿನ ಅವರು ಇದ್ದರು, ಆರು ದಿನವೂ ಅವಳು ಆ ಮಂಚದ ಪಕ್ಕದಲ್ಲಿದ್ದಳು. ಅವರು ತೀರಿಕೊಂಡ ಬೆಳಿಗ್ಗೆ ಜಯಮ್ಮ ಅವರ ತಲೆಯನ್ನೂ, ಸುಜಾತಾ ಕೈಯನ್ನೂ ಹಿಡಿದುಕೊಂಡಿದ್ದರು. ಅವತ್ತು ಪಂಚಕವಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಜಯಮ್ಮ ಕ್ಯಾಲೆಂಡರ್ ನೋಡಲು ಒಳಗೆ ಹೋಗಲೇ ಇಲ್ಲ.